ಎಲ್‌ಇಡಿ ದೀಪದಿಂದ ಮನೆಯಲ್ಲೇ ವಿಡಿಯೊ ಪ್ರೊಜೆಕ್ಟರ್: ಮೊದಲು ಬೆಳಕು ಕೂಡಿಸಿ, ಆಮೇಲೆ ಪೆಟ್ಟಿಗೆ ಕಟ್ಟಿ

ಇಲ್ಲಿ ವಿವರಿಸುತ್ತಿರುವ ಪ್ರೊಜೆಕ್ಟರಿಗೆ ಬೇಕಾಗುವ ಮುಖ್ಯ ಭಾಗಗಳು ಐದೇ: 7 ಇಂಚಿನ ಒಂದು ಎಲ್‌ಸಿಡಿ ಪ್ಯಾನೆಲ್, 100 ವ್ಯಾಟ್‌ನ ಒಂದು ಎಲ್‌ಇಡಿ, ಎರಡು ಫ್ರೆನೆಲ್ ಮಸೂರಗಳು (ಮಸೂರದ ಕೆಲಸ ಮಾಡುವ, ಗೀರುಗಳಿರುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗಳು) ಮತ್ತು ಒಂದು ಪ್ರೊಜೆಕ್ಷನ್ ಲೆನ್ಸ್. ಇವುಗಳನ್ನು ಸರಿಯಾದ ದೂರಗಳಲ್ಲಿ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಸುಮಾರು ಆರೂಕಾಲು ಅಡಿ ದೂರದ ಗೋಡೆಯ ಮೇಲೆ 60 ಇಂಚಿನ ಚಿತ್ರ ಮೂಡುತ್ತದೆ. ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಬಹುತೇಕ ಎಲ್‌ಇಡಿ ಪ್ರೊಜೆಕ್ಟರುಗಳ ಒಳಗಿರುವುದೂ ಇದೇ ಏರ್ಪಾಡು, ಅವುಗಳಲ್ಲಿ ಪ್ಯಾನೆಲ್ ಇನ್ನಷ್ಟು ಚಿಕ್ಕದಿರುತ್ತದೆ ಅಷ್ಟೇ.

ಹನುಮಂತನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ಇದನ್ನು ಎರಡು ಸಲ ಕಟ್ಟಿದ್ದೇನೆ. ಮೊದಲನೆಯ ಸಲ ಕಾಗದದ ಮೇಲೆ ಅಳತೆ ಹಾಕಿ, ಬಡಗಿಯಿಂದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಆಮೇಲೆ ಅದರೊಳಗೆ ಮಸೂರಗಳನ್ನು ಕೂರಿಸಲು ಹೋದೆ. ಮಸೂರದ ಮೇಲೆ ಬರೆದಿದ್ದ ಅಳತೆಗೂ ನಿಜವಾದ ಅಳತೆಗೂ ಆರು ಸೆಂಟಿಮೀಟರ್ ವ್ಯತ್ಯಾಸವಿದ್ದುದರಿಂದ ಆ ಪೆಟ್ಟಿಗೆ ಪೂರ್ತಿ ವ್ಯರ್ಥವಾಯಿತು. ಎರಡನೆಯ ಸಲ ಎಲ್ಲವನ್ನೂ ಮೇಜಿನ ಮೇಲೆ ನಿಲ್ಲಿಸಿ, ಗೋಡೆಯ ಮೇಲೆ ಚಿತ್ರ ನೋಡಿ, ದೂರಗಳನ್ನು ಪೆನ್ಸಿಲಿನಿಂದ ಗುರುತು ಹಾಕಿಕೊಂಡು, ಕೊನೆಗೆ ಪೆಟ್ಟಿಗೆ ಕಟ್ಟಿದೆ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿದೆ, ಮತ್ತು ಓದುಗರು ಆ ಕ್ರಮವನ್ನು ತಪ್ಪಿಸಬಾರದೆಂದು ಒತ್ತಿ ಹೇಳುತ್ತೇನೆ.

ಎಷ್ಟು ಬೆಳಕನ್ನು ನಿರೀಕ್ಷಿಸಬೇಕು

ಕೆಲಸಕ್ಕೆ ಕೈ ಹಾಕುವ ಮೊದಲು ಬೆಳಕಿನ ಲೆಕ್ಕವನ್ನು ತಿಳಿದುಕೊಂಡರೆ ಮುಂದೆ ನಿರಾಸೆಯಾಗುವುದಿಲ್ಲ. ಎಲ್‌ಇಡಿಯನ್ನು ಸುಮಾರು 66 ವ್ಯಾಟ್‌ನಲ್ಲಿ ಉರಿಸಿದರೆ ಸಾಧಾರಣ ಗುಣಮಟ್ಟದ ದೀಪವೂ 6,000 ಲ್ಯೂಮೆನ್‌ನಷ್ಟು ಬೆಳಕು ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಆದರೆ ಈ ದೀಪ ತನ್ನ ಮುಂದಿನ ಇಡೀ ಅರ್ಧಗೋಳಕ್ಕೆ ಬೆಳಕನ್ನು ಚೆಲ್ಲುತ್ತದೆ, ಮತ್ತು 14 ಸೆಂಟಿಮೀಟರ್ ದೂರದಲ್ಲಿರುವ 7 ಇಂಚಿನ ಪ್ಯಾನೆಲ್ ಅದರಲ್ಲಿ ಐದನೇ ಒಂದು ಪಾಲಿಗಿಂತ ತುಸು ಕಡಿಮೆಯನ್ನಷ್ಟೇ ಹಿಡಿಯುತ್ತದೆ. ದೀಪದ ಮುಂದೆ ಒಂದು ಗಾಜಿನ ಪೀನ ಮಸೂರವನ್ನಿಟ್ಟು ಬೆಳಕನ್ನು ಕೂಡಿಸಿದರೆ ಇದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಅಂದರೆ ಪ್ಯಾನೆಲ್ಲಿಗೆ 2,000 ಲ್ಯೂಮೆನ್ ಆಸುಪಾಸು ತಲುಪುತ್ತದೆ.

ನಿಜವಾದ ಸೋರಿಕೆ ಇರುವುದು ಪ್ಯಾನೆಲ್ಲಿನಲ್ಲಿ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಿಂಬದಿಯ ಧ್ರುವಕ ಹಾಳೆ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತದೆ, ಕೆಂಪು ಹಸಿರು ನೀಲಿ ಬಣ್ಣದ ಸೋಸುಗಳು ಉಳಿದುದರಲ್ಲಿ ಮೂರನೇ ಎರಡು ಪಾಲನ್ನು ತಡೆಯುತ್ತವೆ, ಪಿಕ್ಸೆಲ್‌ಗಳ ನಡುವಿನ ತಂತಿಗಳ ನೆರಳು ಬೇರೆ. ಪೂರ್ತಿ ಬಿಳಿ ಚಿತ್ರವಿದ್ದಾಗಲೂ ಬಣ್ಣದ ಪ್ಯಾನೆಲ್ ದಾಟುವುದು ನೂರಕ್ಕೆ ಐದರಷ್ಟು ಬೆಳಕು ಮಾತ್ರ. ಹೀಗಾಗಿ ಗೋಡೆಗೆ ಮುಟ್ಟುವುದು 80ರಿಂದ 100 ಲ್ಯೂಮೆನ್. 60 ಇಂಚಿನ ಚಿತ್ರದ ವಿಸ್ತೀರ್ಣ ಹೆಚ್ಚುಕಡಿಮೆ ಒಂದು ಚದರ ಮೀಟರ್ ಆಗಿರುವುದರಿಂದ ಬಿಳಿ ಗೋಡೆಯ ಮೇಲೆ ಚದರ ಮೀಟರಿಗೆ 30 ಕ್ಯಾಂಡೆಲಾದಷ್ಟು ಪ್ರಕಾಶ ಸಿಗುತ್ತದೆ. ಡಿಜಿಟಲ್ ಚಿತ್ರಮಂದಿರದ ಪರದೆಗೆ ನಿಗದಿಯಾಗಿರುವ ಮಾನದಂಡ 48 ಕ್ಯಾಂಡೆಲಾ. ಅದರ ಅರ್ಧಕ್ಕಿಂತ ಹೆಚ್ಚು ನಮಗೆ ದಕ್ಕಿದಂತಾಯಿತು. ಕೋಣೆ ಪೂರ್ತಿ ಕತ್ತಲಾಗಿದ್ದರೆ ಇದು ಕಣ್ಣಿಗೆ ಧಾರಾಳವಾಗಿ ಸಾಕು. ಹಗಲಲ್ಲಿ ಕಿಟಕಿ ತೆರೆದಿಟ್ಟು ನೋಡುವ ಆಸೆಯನ್ನು ಮಾತ್ರ ಬಿಡಬೇಕು.

ಈ ಲೆಕ್ಕದಿಂದ ಹೊರಡುವ ತಿಳಿವಳಿಕೆ ಒಂದೇ. ಹೆಚ್ಚು ವ್ಯಾಟ್‌ನ ದೀಪ ಹಾಕಿದರೆ ಚಿತ್ರ ಬೆಳಗುತ್ತದೆ ಎಂದು ಹಲವರು ತಿಳಿಯುತ್ತಾರೆ, ಆದರೆ ಹೆಚ್ಚಿಸಿದ ವ್ಯಾಟ್‌ನ ಬಹುಪಾಲು ಶಾಖವಾಗಿ ಪೆಟ್ಟಿಗೆಯೊಳಗೇ ಉಳಿಯುತ್ತದೆ. ಇರುವ ಬೆಳಕನ್ನು ಪ್ಯಾನೆಲ್ಲಿನ ಮೂಲಕ ಲೆನ್ಸಿನೊಳಕ್ಕೆ ಚೆಲ್ಲದಂತೆ ಸಾಗಿಸುವುದೇ ಈ ಕೆಲಸದ ತಿರುಳು.

ಲೆನ್ಸಿನ ಲೆಕ್ಕ

ಹತ್ತನೇ ತರಗತಿಯ ವಿಜ್ಞಾನ ಪಠ್ಯದಲ್ಲಿ ಓದಿದ ಮಸೂರ ಸೂತ್ರ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಅದನ್ನು ನಮ್ಮ ಅಗತ್ಯಕ್ಕೆ ತಕ್ಕಂತೆ ಹೀಗೆ ಹೇಳಬಹುದು: ಚಿತ್ರ ಎಷ್ಟು ಪಟ್ಟು ದೊಡ್ಡದಾಗಬೇಕೋ ಆ ಸಂಖ್ಯೆಗೆ ಒಂದನ್ನು ಕೂಡಿಸಿ ಸಂಗಮದೂರದಿಂದ (ದೂರದಿಂದ ಬಂದ ಬೆಳಕನ್ನು ಮಸೂರ ಒಂದೆಡೆ ಕೂಡಿಸುವ ದೂರ) ಗುಣಿಸಿದರೆ ಲೆನ್ಸಿನಿಂದ ಗೋಡೆಗಿರಬೇಕಾದ ದೂರ ಸಿಗುತ್ತದೆ, ಆ ದೂರವನ್ನು ಪಟ್ಟಿನ ಸಂಖ್ಯೆಯಿಂದಲೇ ಭಾಗಿಸಿದರೆ ಪ್ಯಾನೆಲ್ಲಿನಿಂದ ಲೆನ್ಸಿಗಿರಬೇಕಾದ ದೂರ ಸಿಗುತ್ತದೆ.

7 ಇಂಚಿನ ಪ್ಯಾನೆಲ್ 60 ಇಂಚಾಗಬೇಕಾದರೆ 8.57 ಪಟ್ಟು ಹಿಗ್ಗಬೇಕು. ಲೆನ್ಸಿನ ಸಂಗಮದೂರ 200 ಮಿ.ಮೀ. ಆಗಿದ್ದರೆ ಗೋಡೆ 1,914 ಮಿ.ಮೀ. ದೂರದಲ್ಲಿಯೂ ಪ್ಯಾನೆಲ್ 223 ಮಿ.ಮೀ. ದೂರದಲ್ಲಿಯೂ ಇರಬೇಕು. ಗೋಡೆಯ ದೂರವನ್ನು 2,400 ಮಿ.ಮೀ.ಗೆ ಏರಿಸಿದರೆ ಚಿತ್ರ 77 ಇಂಚಾಗುತ್ತದೆ, ಪ್ಯಾನೆಲ್ಲಿನ ದೂರ 218 ಮಿ.ಮೀ.ಗೆ ಇಳಿಯುತ್ತದೆ. ಗೋಡೆ ಅರ್ಧ ಮೀಟರ್ ಸರಿದರೂ ಲೆನ್ಸ್ ಚಲಿಸಬೇಕಾದದ್ದು ಐದೇ ಮಿಲಿಮೀಟರ್ ಎಂಬುದನ್ನು ಗಮನಿಸಿ. ಫೋಕಸ್ ಹೊಂದಿಸಲು ಲೆನ್ಸಿಗೆ ಎರಡು ಸೆಂಟಿಮೀಟರಿನ ಓಡಾಟ ಬಿಟ್ಟರೆ ಬೇಕಾದಷ್ಟಾಯಿತು. ಚಿತ್ರ 77 ಇಂಚಾದಾಗ ಅದೇ ಬೆಳಕು 1.7 ಚದರ ಮೀಟರಿಗೆ ಹರಡುವುದರಿಂದ ಪ್ರಕಾಶ ಶೇಕಡ 60ಕ್ಕೆ ಕುಸಿಯುತ್ತದೆ. ನನ್ನ ಅನುಭವದಲ್ಲಿ 60 ಇಂಚು ಈ ಯಂತ್ರಕ್ಕೆ ಹೇಳಿ ಮಾಡಿಸಿದ ಗಾತ್ರ.

ಸಾಮಾನು

ಬೆಂಗಳೂರಿನಲ್ಲಿರುವವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಎಲ್‌ಇಡಿ, ಅದಕ್ಕೆ ಸ್ಥಿರವಾದ ಕರೆಂಟು ಕೊಡುವ ಡ್ರೈವರ್, ಫ್ಯಾನ್, ಕಂಪ್ಯೂಟರ್ ಪ್ರೊಸೆಸರಿನ ಹಳೆಯ ಕೂಲರ್, ಕಂಪ್ಯೂಟರಿನಂಥವುಗಳ ಚಿತ್ರವನ್ನು ಪ್ಯಾನೆಲ್ಲಿಗೆ ತಲುಪಿಸುವ ಎಚ್‌ಡಿಎಂಐ ಬೋರ್ಡ್ ಇವೆಲ್ಲವನ್ನೂ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಓಡಾಡಿ ಸಂಪಾದಿಸಬಹುದು. ವೈರು, ಫ್ಯೂಸ್ ಹೋಲ್ಡರ್, ಮೂರು ಪಿನ್ನಿನ ಪ್ಲಗ್ಗಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಿವೆ. ಫ್ರೆನೆಲ್ ಮಸೂರವೆಂದರೆ ವಯಸ್ಸಾದವರು ಪತ್ರಿಕೆ ಓದಲು ಪುಟದ ಮೇಲಿಟ್ಟುಕೊಳ್ಳುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೇ. ಒಂದರೊಳಗೊಂದು ವೃತ್ತಾಕಾರದ ಗೀರುಗಳಿರುವ ಆ ಹಾಳೆಯನ್ನು ದೊಡ್ಡ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ದೀಪಸ್ತಂಭಗಳಿಗೆಂದು ರೂಪಿಸಿದ ಮಸೂರವಿದು, 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಮೊದಲು ಬೆಳಗಿತು. ದಪ್ಪ ಗಾಜಿನ ಭಾರವಿಲ್ಲದೆ ದೊಡ್ಡ ಮಸೂರದ ಕೆಲಸ ಮಾಡುವ ಅದೇ ಗುಣ ನಮಗೂ ಬೇಕಾಗಿದೆ.

ನಮಗೆ ಬೇಕಾದದ್ದು 140 ಮಿ.ಮೀ. ಆಸುಪಾಸಿನ ಸಂಗಮದೂರದ ಒಂದು ಫ್ರೆನೆಲ್ ಮತ್ತು 200 ಮಿ.ಮೀ. ಆಸುಪಾಸಿನ ಇನ್ನೊಂದು. ಪುಟ ಓದುವ ಹಾಳೆಗಳ ಸಂಗಮದೂರ ಇದಕ್ಕಿಂತ ಹೆಚ್ಚಿರುತ್ತದೆ. ಒಂದೇ ಬಗೆಯ ಎರಡು ಹಾಳೆಗಳನ್ನು ಕೇಂದ್ರಕ್ಕೆ ಕೇಂದ್ರ ಕೂಡುವಂತೆ ಅಂಟಿಸಿ ಹಿಡಿದರೆ ಸಂಗಮದೂರ ಅರ್ಧಕ್ಕಿಳಿಯುತ್ತದೆ, ಸ್ವಲ್ಪ ಬೆಳಕು ಮಾತ್ರ ನಷ್ಟವಾಗುತ್ತದೆ. ಪ್ರೊಜೆಕ್ಷನ್ ಲೆನ್ಸ್ ಮೂರು ಗಾಜುಗಳ ಜೋಡಣೆಯದಾಗಿದ್ದರೆ ಉತ್ತಮ, ವ್ಯಾಸ ಕನಿಷ್ಠ 60 ಮಿ.ಮೀ. ಇರಲಿ, 80 ಸಿಕ್ಕರೆ ಇನ್ನೂ ಒಳ್ಳೆಯದು. ಒಂಟಿ ಭೂತಗನ್ನಡಿಯಿಂದಲೂ ಚಿತ್ರ ಮೂಡುತ್ತದೆ, ಆದರೆ ಅಕ್ಷರಗಳ ಅಂಚಿನಲ್ಲಿ ನೀಲಿ ಮತ್ತು ಕಿತ್ತಳೆ ಬಣ್ಣದ ಗೆರೆ ಕಾಣಿಸುತ್ತದೆ, ಮೂಲೆಗಳು ಮಸುಕಾಗುತ್ತವೆ. ಹಿಂದೆ ಶಾಲಾ ಕಾಲೇಜುಗಳಲ್ಲಿದ್ದ ಓವರ್‌ಹೆಡ್ ಪ್ರೊಜೆಕ್ಟರ್ ಗುಜರಿಯಲ್ಲಿ ಕಂಡರೆ ಕೊಂಡುಬಿಡಿ, ಅದರಲ್ಲಿ ಲೆನ್ಸೂ ಫ್ರೆನೆಲ್ಲೂ ಒಟ್ಟಿಗೇ ಸಿಗುತ್ತವೆ. ಆ ಲೆನ್ಸಿನ ಸಂಗಮದೂರ ಹೆಚ್ಚಿರುವುದರಿಂದ ಪೆಟ್ಟಿಗೆ ಉದ್ದವಾಗುತ್ತದೆ, ಮೇಲಿನ ಲೆಕ್ಕವನ್ನು ಹೊಸದಾಗಿ ಹಾಕಿಕೊಳ್ಳಬೇಕಾಗುತ್ತದೆ.

ಯಾವ ಮಸೂರವನ್ನು ತಂದರೂ ಅದರ ಮೇಲಿನ ಚೀಟಿಯನ್ನು ನಂಬದೆ ಮನೆಯಲ್ಲಿ ಅಳೆಯಿರಿ. ನಾನು ಕೊಂಡ ಫ್ರೆನೆಲ್ ಮೇಲೆ 200 ಎಂದಿತ್ತು, ಅಳೆದಾಗ 260 ಬಂತು. ಅಳೆಯುವುದು ಸುಲಭ: ಸಂಜೆ ಹೊತ್ತು ಕೋಣೆಯ ಒಳಗೋಡೆಯ ಬಳಿ ನಿಂತು, ಕಿಟಕಿಯಾಚೆ ದೂರದಲ್ಲಿರುವ ತೆಂಗಿನಮರವೋ ನೀರಿನ ಟ್ಯಾಂಕೋ ಗೋಡೆಯ ಮೇಲೆ ತಲೆಕೆಳಗಾಗಿ ಸ್ಪಷ್ಟವಾಗಿ ಮೂಡುವವರೆಗೆ ಮಸೂರವನ್ನು ಹಿಂದೆಮುಂದೆ ಸರಿಸಿ, ಆಗ ಮಸೂರಕ್ಕೂ ಗೋಡೆಗೂ ಇರುವ ದೂರವೇ ಸಂಗಮದೂರ. ಬಿಸಿಲಿನಲ್ಲಿ ಈ ಪರೀಕ್ಷೆ ಬೇಡ. ಈ ಗಾತ್ರದ ಫ್ರೆನೆಲ್ ಬಿಸಿಲನ್ನು ಒಂದೆಡೆ ಕೂಡಿಸಿ ಕೆಲವೇ ಕ್ಷಣಗಳಲ್ಲಿ ಕಾಗದವನ್ನು ಸುಡುತ್ತದೆ.

ಪ್ಯಾನೆಲ್ಲನ್ನು ಬಿಚ್ಚುವುದು

1280×800 ಪಿಕ್ಸೆಲ್‌ನ 7 ಇಂಚಿನ ಪ್ಯಾನೆಲ್ ಮತ್ತು ಅದಕ್ಕೆ ಹೊಂದುವ ಎಚ್‌ಡಿಎಂಐ ಬೋರ್ಡನ್ನು ಒಟ್ಟಿಗೇ ಕೊಳ್ಳಿ, ಮತ್ತು ಅಂಗಡಿಯಲ್ಲೇ ಜೋಡಿಸಿ ಚಿತ್ರ ಬರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡಿ. ಟಚ್ ಗಾಜು ಅಂಟಿಸಿರುವ ಪ್ಯಾನೆಲ್ ಬೇಡ. ಮೇಲ್ಮೈ ಮಂಕಾಗಿರುವುದಕ್ಕಿಂತ ಹೊಳಪಾಗಿರುವುದು ವಾಸಿ, ಏಕೆಂದರೆ ಮಂಕು ಲೇಪ ಬೆಳಕನ್ನು ಚದುರಿಸುತ್ತದೆ.

ಪ್ಯಾನೆಲ್ಲಿನ ಹಿಂದೆ ಅದರದೇ ಬೆಳಕಿನ ಪೆಟ್ಟಿಗೆ ಇರುತ್ತದೆ, ಅದನ್ನು ತೆಗೆದುಹಾಕಬೇಕು. ಮೇಜಿನ ಮೇಲೆ ಒಗೆದ ಹತ್ತಿಬಟ್ಟೆ ಹಾಸಿ, ಫ್ಯಾನ್ ಆರಿಸಿ, ಮೈಯಲ್ಲಿರಬಹುದಾದ ಸ್ಥಾಯಿ ವಿದ್ಯುತ್ ಇಳಿದುಹೋಗಲು ಲೋಹದ ನಲ್ಲಿಯನ್ನೊಮ್ಮೆ ಮುಟ್ಟಿ ಕುಳಿತುಕೊಳ್ಳಿ. ಅಂಚಿನ ತಗಡಿನ ಚೌಕಟ್ಟನ್ನು ಉಗುರಿನಿಂದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕು, ಒಂದೇ ಕಡೆ ಬಲ ಹಾಕಬಾರದು. ಚೌಕಟ್ಟು ಬಂದ ಮೇಲೆ ಗಾಜಿನ ಹಲಗೆ ಒಂದು ಕಡೆ, ಅದರ ಹಿಂದಿನ ಹಾಳೆಗಳು ಇನ್ನೊಂದು ಕಡೆ ಬಿಡಿಬಿಡಿಯಾಗುತ್ತವೆ. ಬಿಳಿ ಪ್ರತಿಫಲಕ, ದಪ್ಪ ಅಕ್ರಿಲಿಕ್ ಫಲಕ, ಹಾಲುಬಣ್ಣದ ಹಾಳೆ, ಬೆರಳು ಸವರಿದರೆ ಗರಗರ ಎನ್ನುವ ಪಟ್ಟಕದ ಹಾಳೆ ಇವೆಲ್ಲವೂ ನಮಗೆ ಬೇಡವಾದವು. ಗಾಜಿನ ಎರಡೂ ಮುಖಕ್ಕೆ ಅಂಟಿಕೊಂಡೇ ಇರುವ ಕಪ್ಪು ಛಾಯೆಯ ಧ್ರುವಕ ಹಾಳೆಗಳನ್ನು ಮಾತ್ರ ಯಾವ ಕಾರಣಕ್ಕೂ ಕೀಳಬಾರದು. ಅವು ಹೋದರೆ ಚಿತ್ರವೇ ಇಲ್ಲ.

ಗಾಜಿನಿಂದ ಹೊರಡುವ ರಿಬ್ಬನ್ ಈ ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಾದ ಭಾಗ. ಅದು ಹಿಂಬದಿಗೆ ಮಡಚಿಕೊಂಡಿರುತ್ತದೆ, ಬೆಳಕಿನ ದಾರಿಗೆ ಅಡ್ಡ ಬಾರದಂತೆ ಅದನ್ನು ಬಿಡಿಸಿ ಹೊರಕ್ಕೆ ಚಾಚಬೇಕು. ರಿಬ್ಬನ್ನಿಗೆ ಅಂಟಿದ ಸಣ್ಣ ಬೋರ್ಡನ್ನು ಬಲಗೈಯಲ್ಲೂ ಗಾಜನ್ನು ಎಡಗೈಯಲ್ಲೂ ಹಿಡಿದು ಎರಡನ್ನೂ ಒಟ್ಟಿಗೇ ತಿರುಗಿಸಿ. ಬೋರ್ಡನ್ನು ತೂಗುಬಿಟ್ಟರೆ ಗಾಜಿಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಂದರೂ ಚಿತ್ರದ ಮೇಲೆ ಅಳಿಸಲಾಗದ ಉದ್ದಗೆರೆ ನಿಲ್ಲುತ್ತದೆ. ನನ್ನ ಮೊದಲ ಪ್ಯಾನೆಲ್ ಹೋದದ್ದು ಹೀಗೆಯೇ, ಫೋನ್ ಬಂತೆಂದು ಒಂದು ಕೈ ಬಿಟ್ಟ ಕ್ಷಣದಲ್ಲಿ. ಬಿಚ್ಚಿದ ಕೂಡಲೇ ಗಾಜಿನ ಅಂಚನ್ನೂ ಬೋರ್ಡನ್ನೂ ಒಂದೇ ರಟ್ಟಿನ ಚೌಕಟ್ಟಿಗೆ ಟೇಪಿನಿಂದ ಬಿಗಿದುಬಿಡಿ. ಆಮೇಲೆ ಕರೆಂಟು ಕೊಟ್ಟು, ಗಾಜಿನ ಹಿಂದೆ ಮೊಬೈಲಿನ ಟಾರ್ಚ್ ಹಿಡಿದರೆ ಚಿತ್ರ ಕಾಣಿಸಬೇಕು.

ದೀಪ, ಡ್ರೈವರ್, ಶಾಖ

100 ವ್ಯಾಟ್‌ನ ಎಲ್‌ಇಡಿ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಲೋಹದ ಬಿಲ್ಲೆ, ಅದರ ನಡುವೆ 20 ಮಿ.ಮೀ. ಚೌಕದ ಹಳದಿ ಭಾಗ. ಹಳದಿ ಲೇಪದಡಿಯಲ್ಲಿ ಹತ್ತರ ಹತ್ತು ಸಾಲುಗಳಲ್ಲಿ ನೀಲಿ ಬೆಳಕಿನ ಚಿಪ್‌ಗಳಿರುತ್ತವೆ. ನೀಲಿಯೂ ಲೇಪದ ಹಳದಿಯೂ ಬೆರೆತು ನಮಗೆ ಬಿಳಿಯಾಗಿ ಕಾಣುತ್ತದೆ. ಇದಕ್ಕೆ 30ರಿಂದ 36 ವೋಲ್ಟ್ ಬೇಕು, ಗರಿಷ್ಠ 3 ಆಂಪಿಯರ್. ನಾನು ಸಲಹೆ ಮಾಡುವುದು 70 ವ್ಯಾಟ್‌ನ, 2,100 ಮಿಲಿಆಂಪಿಯರ್ ಸ್ಥಿರವಾಗಿ ಕೊಡುವ ಡ್ರೈವರನ್ನು. ಕಡಿಮೆ ಕರೆಂಟಿನಲ್ಲಿ ಎಲ್‌ಇಡಿಯ ದಕ್ಷತೆ ಹೆಚ್ಚುವುದರಿಂದ ಕಳೆದುಕೊಳ್ಳುವ ಬೆಳಕಿಗಿಂತ ಇಳಿಯುವ ಶಾಖದ ಪಾಲು ಹೆಚ್ಚು, ದೀಪದ ಆಯಸ್ಸೂ ಹೆಚ್ಚುತ್ತದೆ. ವೋಲ್ಟೇಜ್ ಮಾತ್ರ ಸ್ಥಿರವಾಗಿಡುವ ಸಾಮಾನ್ಯ ಅಡಾಪ್ಟರನ್ನು ನೇರವಾಗಿ ಜೋಡಿಸಬೇಡಿ. ಎಲ್‌ಇಡಿ ಬಿಸಿಯಾದಂತೆ ಹೆಚ್ಚು ಕರೆಂಟು ಎಳೆಯುತ್ತದೆ, ಎಳೆದಂತೆ ಇನ್ನಷ್ಟು ಬಿಸಿಯಾಗುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ.

ಡ್ರೈವರ್ ಬೇಡದ, ನೇರವಾಗಿ 230 ವೋಲ್ಟಿಗೆ ಜೋಡಿಸುವ ಎಲ್‌ಇಡಿಗಳೂ ಅಗ್ಗವಾಗಿ ಸಿಗುತ್ತವೆ. ಅವು ಈ ಕೆಲಸಕ್ಕೆ ಎರಡು ಕಾರಣಗಳಿಂದ ಸಲ್ಲವು: ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅವು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಮತ್ತು ಅವುಗಳ ಮೇಲ್ಮೈಯಲ್ಲೇ ಮನೆಯ ಕರೆಂಟು ಹರಿಯುವುದರಿಂದ ಮುಟ್ಟಿದರೆ ಜೀವಕ್ಕೆ ಅಪಾಯ.

ದೀಪಕ್ಕೆ ಕೊಟ್ಟ ವಿದ್ಯುತ್ತಿನ ಮೂರನೇ ಎರಡು ಪಾಲು, ಅಂದರೆ 45 ವ್ಯಾಟ್‌ನಷ್ಟು, ಶಾಖವಾಗುತ್ತದೆ. ಅದನ್ನು ಹೊರಹಾಕಲು ತಾಮ್ರದ ಕೊಳವೆಗಳಿರುವ ಪ್ರೊಸೆಸರ್ ಕೂಲರೂ ಅದರ 12 ವೋಲ್ಟ್ ಫ್ಯಾನೂ ಸಾಕು. ಬಿಲ್ಲೆಯ ಅಡಿಗೆ ಅವರೆಕಾಳಿನಷ್ಟು ಥರ್ಮಲ್ ಪೇಸ್ಟ್ (ಶಾಖವನ್ನು ಕೂಲರಿಗೆ ಸಾಗಿಸುವ ಲೇಪ) ಹಾಕಿ, ನಾಲ್ಕು ಮೂಲೆಯ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಕೂಲರಿನ ಮೈಗೆ 60 ಡಿಗ್ರಿಯಲ್ಲಿ ಕಡಿತಗೊಳ್ಳುವ ಥರ್ಮಲ್ ಸ್ವಿಚ್ಚನ್ನು ಕೂರಿಸಿ, ಅದನ್ನು ಡ್ರೈವರಿಗೆ ಹೋಗುವ ಸಾಲಿನಲ್ಲಿ ಜೋಡಿಸಿದರೆ ಫ್ಯಾನ್ ಕೆಟ್ಟ ದಿನ ದೀಪ ತಾನಾಗಿ ಆರುತ್ತದೆ. ಫ್ಯಾನಿಗೆ ಬೇರೆಯದೇ 12 ವೋಲ್ಟ್ ಅಡಾಪ್ಟರ್ ಇರಲಿ. ಕೂಲರ್ ಮತ್ತು ಡ್ರೈವರಿನ ಲೋಹದ ಮೈಯನ್ನು ಕಡ್ಡಾಯವಾಗಿ ಅರ್ಥಿಂಗ್ ಮಾಡಿ, ಫೇಸ್ ವೈರಿನಲ್ಲಿ 1 ಆಂಪಿಯರ್ ಫ್ಯೂಸ್ ಹಾಕಿ. ಕರೆಂಟಿನ ಕೆಲಸ ರೂಢಿಯಿಲ್ಲದವರು ಈ ಭಾಗವನ್ನಾದರೂ ತಿಳಿದ ಎಲೆಕ್ಟ್ರೀಷಿಯನ್ನಿಂದ ಮಾಡಿಸಿಕೊಳ್ಳಬೇಕು. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೇರವಾಗಿ ನೋಡಬಾರದು, ಮಕ್ಕಳು ಜೊತೆಗಿದ್ದರೆ ಈ ಮಾತನ್ನು ಮೊದಲೇ ಹೇಳಿರಿ.

ಮೇಜಿನ ಮೇಲಿನ ಜೋಡಣೆ

ನಾಲ್ಕಡಿ ಉದ್ದದ ನೇರವಾದ ಹಲಗೆಯೊಂದನ್ನು ಮೇಜಿನ ಮೇಲಿಟ್ಟು, ನಡುವೆ ಉದ್ದಕ್ಕೂ ಗೆರೆ ಎಳೆಯಿರಿ. ಎಲ್ಲ ಭಾಗಗಳ ಕೇಂದ್ರವೂ ಈ ಗೆರೆಯ ಮೇಲೆ, ಹಲಗೆಯಿಂದ ಒಂದೇ ಎತ್ತರದಲ್ಲಿರಬೇಕು. ಫ್ರೆನೆಲ್‌ಗಳನ್ನು ಪ್ಯಾನೆಲ್ಲಿಗಿಂತ ಸ್ವಲ್ಪ ದೊಡ್ಡದಾಗಿ, 180ಕ್ಕೆ 120 ಮಿ.ಮೀ. ಅಳತೆಗೆ ಕತ್ತರಿಸುವಾಗ ಗೀರುಗಳ ಕೇಂದ್ರ ಸರಿಯಾಗಿ ನಡುವೆ ಬರುವಂತೆ ನೋಡಿಕೊಳ್ಳಿ. ರಟ್ಟಿನ ಚೌಕಟ್ಟು ಮಾಡಿ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ನಿಲ್ಲಿಸಿದರೆ ಸಾಕು, ಈ ಹಂತದಲ್ಲಿ ಎಲ್ಲವೂ ಸರಿಯುವಂತಿರಬೇಕು.

ಮೊದಲು ಪ್ಯಾನೆಲ್ ಇಲ್ಲದೆ ಬೆಳಕನ್ನು ಸರಿಪಡಿಸೋಣ. ಎಲ್‌ಇಡಿ, ಅದರಿಂದ 140 ಮಿ.ಮೀ. ಮುಂದೆ ಹಿಂಬದಿಯ ಫ್ರೆನೆಲ್, ಅದರ ಮುಂದೆ ಪ್ಯಾನೆಲ್ಲಿಗೆಂದು ಬಿಟ್ಟ ಜಾಗ, ಆಮೇಲೆ ಮುಂಬದಿಯ ಫ್ರೆನೆಲ್, ಅದರಿಂದ 200 ಮಿ.ಮೀ. ಮುಂದೆ ಪ್ರೊಜೆಕ್ಷನ್ ಲೆನ್ಸ್. ಹಿಂಬದಿಯ ಫ್ರೆನೆಲ್ ದೀಪದ ಬೆಳಕನ್ನು ಸಮಾಂತರ ಕಿರಣಗಳಾಗಿಸುತ್ತದೆ, ಮುಂಬದಿಯದು ಅವನ್ನು ಮತ್ತೆ ಲೆನ್ಸಿನೊಳಕ್ಕೆ ಕೂಡಿಸುತ್ತದೆ. ಎರಡರಲ್ಲೂ ಗೀರುಗಳಿರುವ ಮುಖ ಪ್ಯಾನೆಲ್ಲಿನ ಕಡೆಗೂ ನುಣುಪಾದ ಮುಖ ಹೊರಗಡೆಗೂ ಇರಬೇಕು. ಇದು ಅದಲುಬದಲಾದರೆ ಮೂಲೆಗಳಲ್ಲಿ ಬೆಳಕು ಕುಂದುತ್ತದೆ.

ಈಗ ಕೋಣೆಯ ದೀಪ ಆರಿಸಿ, ಎಲ್‌ಇಡಿ ಹೊತ್ತಿಸಿ, ಪ್ರೊಜೆಕ್ಷನ್ ಲೆನ್ಸ್ ಇರುವ ಜಾಗದಲ್ಲಿ ಒಂದು ಬಿಳಿ ಕಾಗದ ಹಿಡಿಯಿರಿ. ಕಾಗದದ ಮೇಲೆ ಮೂರು ಸೆಂಟಿಮೀಟರಿನಷ್ಟು ಅಗಲದ ಪ್ರಖರವಾದ ಚೌಕವೊಂದು ಕಾಣಿಸುತ್ತದೆ. ಅದು ಎಲ್‌ಇಡಿಯದೇ ಪ್ರತಿಬಿಂಬ. ಕಾಗದವನ್ನು ಹಿಂದೆಮುಂದೆ ಸರಿಸಿದರೆ ಒಂದು ಜಾಗದಲ್ಲಿ ಚೌಕದ ಅಂಚುಗಳು ಚೂಪಾಗುತ್ತವೆ, ಗಮನವಿಟ್ಟರೆ ಒಳಗೆ ಸಾಲು ಸಾಲಾಗಿ ಚುಕ್ಕೆಗಳನ್ನೂ ಗುರುತಿಸಬಹುದು. ಈ ಚೌಕ ಪೂರ್ತಿಯಾಗಿ ಲೆನ್ಸಿನ ಗಾಜಿನೊಳಗೆ, ಅದೂ ನಟ್ಟನಡುವೆ ಬೀಳಬೇಕು. ಲೆನ್ಸಿನ ಅಂಚಿನ ಹೊರಗೆ ಬಿದ್ದ ಬೆಳಕೆಲ್ಲ ನಷ್ಟ. ಚೌಕ ಪಕ್ಕಕ್ಕೆ ಸರಿದಿದ್ದರೆ ದೀಪವನ್ನು ಕೂದಲಷ್ಟು ಸರಿಸಿ, ಲೆನ್ಸನ್ನಲ್ಲ. ಚೌಕ ಲೆನ್ಸಿಗಿಂತ ಮುಂದೆ ಚೂಪಾಗುತ್ತಿದ್ದರೆ ದೀಪವನ್ನು ಫ್ರೆನೆಲ್ಲಿನಿಂದ ಸ್ವಲ್ಪ ದೂರ ಮಾಡಿ, ಹಿಂದೆಯೇ ಚೂಪಾಗುತ್ತಿದ್ದರೆ ಹತ್ತಿರ ತನ್ನಿ. ಈ ಒಂದು ಪರೀಕ್ಷೆಗೆ ನಾನು ಎರಡು ಸಂಜೆ ಕಳೆದೆ. ಯಂತ್ರದ ಗುಣವೆಲ್ಲ ಇದರಲ್ಲೇ ನಿರ್ಧಾರವಾಗುವುದರಿಂದ ಆ ಹೊತ್ತು ದಂಡವಾಗಲಿಲ್ಲ.

ಬಳಿಕ ಎಲ್‌ಇಡಿಯ ಮುಂದೆ 44 ಮಿ.ಮೀ. ವ್ಯಾಸದ ಗಾಜಿನ ಮಸೂರವನ್ನು ಕೂರಿಸಿ. ಇದು ಪ್ರತಿಫಲಕ ಬಟ್ಟಲಿನ ಸಮೇತ ಎಲ್‌ಇಡಿ ಮಾರುವಲ್ಲಿಯೇ ಸಿಗುತ್ತದೆ. ಬೆಳಕು ಒಮ್ಮೆಲೇ ಏರಿದ್ದು ಕಾಣುತ್ತದೆ, ಜೊತೆಗೆ ಚೌಕವೂ ದೊಡ್ಡದಾಗುತ್ತದೆ. ಲೆನ್ಸ್ ಅಗಲವಿರಬೇಕೆಂದು ಹೇಳಿದ್ದು ಇದಕ್ಕೇ. ದೀಪದ ದೂರವನ್ನು ಮತ್ತೊಮ್ಮೆ ಹೊಂದಿಸಬೇಕಾಗುತ್ತದೆ.

ಇನ್ನು ಪ್ಯಾನೆಲ್. ಎರಡು ಫ್ರೆನೆಲ್‌ಗಳ ನಡುವೆ, ಎರಡರಿಂದಲೂ 20 ಮಿ.ಮೀ. ಬಿಟ್ಟು ನಿಲ್ಲಿಸಿ. ತೀರ ಹತ್ತಿರವಿದ್ದರೆ ಫ್ರೆನೆಲ್ಲಿನ ಗೀರುಗಳು ಗೋಡೆಯ ಮೇಲೆ ವೃತ್ತಗಳಾಗಿ ಕಾಣುತ್ತವೆ, ಗಾಳಿಯಾಡಲೂ ಜಾಗವಿರುವುದಿಲ್ಲ. ಲೆನ್ಸ್ ಚಿತ್ರವನ್ನು ತಿರುಗಿಸುವುದರಿಂದ ಪ್ಯಾನೆಲ್ಲನ್ನು ತಲೆಕೆಳಗಾಗಿ, ಅದರ ನೋಡುವ ಮುಖ ದೀಪದ ಕಡೆಗಿರುವಂತೆ ನಿಲ್ಲಿಸಬೇಕು. ನೋಡುವ ಮುಖ ಲೆನ್ಸಿನ ಕಡೆಗಿದ್ದರೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಎಡಬಲವಾಗುತ್ತವೆ. ಬೋರ್ಡಿನ ಮೆನುವಿನಲ್ಲಿ ಚಿತ್ರ ಮಗುಚುವ ಆಯ್ಕೆ ಇದ್ದರೆ ಆಗ ಅದನ್ನು ಬಳಸಬಹುದು.

ಫೋಕಸ್ ಪರೀಕ್ಷೆಗೆ ಕನ್ನಡ ಪತ್ರಿಕೆಯ ಒಂದು ಪುಟಕ್ಕಿಂತ ಒಳ್ಳೆಯ ಚಿತ್ರವಿಲ್ಲ. ನಡುವಿನ ಸಾಲುಗಳು ಓದಲು ಬಂದ ಕೂಡಲೇ ಸಮಾಧಾನಪಡದೆ ನಾಲ್ಕೂ ಮೂಲೆಗಳ ಒತ್ತಕ್ಷರಗಳನ್ನು ನೋಡಿ. ‘ಕ್ಷ್ಮ’ದ ಅಡಿಯ ಗೆರೆಗಳು ಬಿಡಿಬಿಡಿಯಾಗಿ ಕಾಣಬೇಕು. ಒಂದು ಪಕ್ಕ ಮಾತ್ರ ಮಸುಕಾಗಿದ್ದರೆ ಪ್ಯಾನೆಲ್ ಮತ್ತು ಲೆನ್ಸ್ ಸಮಾಂತರವಾಗಿಲ್ಲವೆಂದು ಅರ್ಥ, ನಾಲ್ಕೂ ಮೂಲೆ ಸಮನಾಗಿ ಮಸುಕಾಗಿದ್ದರೆ ಅದು ಲೆನ್ಸಿನ ಮಿತಿ. ಎಲ್ಲ ಸರಿಯಾದಾಗ ಹತ್ತಿರ ಹೋಗಿ ನೋಡಿದರೆ ಪಿಕ್ಸೆಲ್‌ಗಳ ನಡುವಿನ ಕಪ್ಪು ಜಾಲರಿ ಗೋಡೆಯ ಮೇಲೆ ಎಣಿಸುವಷ್ಟು ಸ್ಪಷ್ಟವಾಗಿರುತ್ತದೆ. ಆಗ ಪ್ರತಿಯೊಂದು ಭಾಗದ ಜಾಗವನ್ನೂ ಹಲಗೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ, ಅಳತೆಗಳನ್ನು ಬರೆದಿಟ್ಟುಕೊಳ್ಳಿ.

ಪೆಟ್ಟಿಗೆ ಮತ್ತು ಗಾಳಿ

ಬರೆದಿಟ್ಟ ಅಳತೆಗೆ 9 ಮಿ.ಮೀ. ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಒಳಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಚೌಕಟ್ಟುಗಳು ಜಾರಿ ಕೂರುವಂತೆ ಬದಿಗಳಲ್ಲಿ ಕಡ್ಡಿ ಬಡಿಸಿದರೆ ಮುಂದೆ ಧೂಳು ಒರೆಸಲು ಅನುಕೂಲ. ದೀಪದ ಭಾಗವನ್ನೂ ಪ್ಯಾನೆಲ್ಲಿನ ಭಾಗವನ್ನೂ ಅಡ್ಡಹಲಗೆಯಿಂದ ಬೇರ್ಪಡಿಸಿ. ಆ ಹಲಗೆಗೆ ಹಿಂಬದಿಯ ಫ್ರೆನೆಲ್ಲೇ ಕಿಟಕಿಯಾಗುತ್ತದೆ, ದೀಪದ ಬಿಸಿಗಾಳಿ ಪ್ಯಾನೆಲ್ಲಿನ ಕಡೆ ಸುಳಿಯುವುದಿಲ್ಲ.

ಪ್ಯಾನೆಲ್ ತನ್ನಷ್ಟಕ್ಕೇ ಬಿಸಿಯಾಗುವ ವಸ್ತು ಎಂಬುದನ್ನು ಹಲವರು ಮರೆಯುತ್ತಾರೆ. ಬಂದ ಬೆಳಕಿನಲ್ಲಿ ನೂರಕ್ಕೆ 95 ಪಾಲನ್ನು ಅದು ನುಂಗುತ್ತದೆಂದರೆ ಆರೇಳು ವ್ಯಾಟ್ ಶಾಖ ಆ ತೆಳು ಗಾಜಿನಲ್ಲೇ ಹುಟ್ಟುತ್ತದೆ. ಒಂದು ರಾತ್ರಿ ಪ್ಯಾನೆಲ್ಲಿನ ಫ್ಯಾನಿನ ವೈರು ಸಡಿಲವಾಗಿ, ಚಿತ್ರದ ನಡುವೆ ಶಾಯಿ ಚೆಲ್ಲಿದಂತೆ ಕಪ್ಪು ಕಲೆಯೊಂದು ನಿಧಾನವಾಗಿ ಹರಡತೊಡಗಿತು. ಪ್ಯಾನೆಲ್ಲಿನ ಗಾಜುಗಳ ನಡುವಿನ ದ್ರವ ಸ್ಫಟಿಕ ಹೆಚ್ಚು ಬಿಸಿಯಾದಾಗ ತನ್ನ ಗುಣ ಕಳೆದುಕೊಳ್ಳುವುದು ಹೀಗೆ. ಕೂಡಲೇ ದೀಪ ಆರಿಸಿದ್ದರಿಂದ ತಣಿದ ಮೇಲೆ ಕಲೆ ಮಾಯವಾಯಿತು, ತಡವಾಗಿದ್ದರೆ ಧ್ರುವಕ ಹಾಳೆ ಶಾಶ್ವತವಾಗಿ ಕೆಡುತ್ತಿತ್ತು. ಆದ್ದರಿಂದ ಪ್ಯಾನೆಲ್ಲಿನ ಎರಡೂ ಮುಖಗಳ ಮೇಲೆ ಕೆಳಗಿನಿಂದ ಮೇಲಕ್ಕೆ ಗಾಳಿ ಹಾಯುವಂತೆ 80 ಮಿ.ಮೀ. ಫ್ಯಾನ್ ಇಡಿ, ಗಾಳಿ ಒಳಬರುವ ಕಡೆ ತೆಳು ಸ್ಪಂಜಿನ ಸೋಸು ಹಾಕಿ. ಅರ್ಧ ಗಂಟೆ ಓಡಿಸಿ ತಾಪಮಾಪಕದಲ್ಲಿ ನೋಡಿದಾಗ ಗಾಜು 50 ಡಿಗ್ರಿ ದಾಟಿರಬಾರದು. 12 ವೋಲ್ಟ್ ಫ್ಯಾನನ್ನು 9 ವೋಲ್ಟಿನಲ್ಲಿ ಓಡಿಸಿದರೆ ಸದ್ದು ಕಡಿಮೆಯಾಗುತ್ತದೆ. ಈ ಪರೀಕ್ಷೆಯಲ್ಲಿ ಗೆದ್ದರೆ ಮಾತ್ರ ಹಾಗೆ ಮಾಡಿ.

ಚಿತ್ರವನ್ನು ಗೋಡೆಯಲ್ಲಿ ಮೇಲಕ್ಕೆ ಏರಿಸಬೇಕಾದಾಗ ಪೆಟ್ಟಿಗೆಯನ್ನು ಓರೆ ಮಾಡಿದರೆ ಚಿತ್ರ ಮೇಲ್ಭಾಗದಲ್ಲಿ ಅಗಲವಾಗಿ ಸೊಟ್ಟಗಾಗುತ್ತದೆ. ಅದರ ಬದಲು ಪ್ರೊಜೆಕ್ಷನ್ ಲೆನ್ಸನ್ನೂ ಮುಂಬದಿಯ ಫ್ರೆನೆಲ್ಲನ್ನೂ ಒಂದೇ ಅಳತೆಯಲ್ಲಿ ಮೇಲಕ್ಕೆ ಸರಿಸಿ. ಲೆನ್ಸ್ ಒಂದು ಸೆಂಟಿಮೀಟರ್ ಏರಿದರೆ ಗೋಡೆಯ ಮೇಲಿನ ಚಿತ್ರ ಒಂಬತ್ತೂವರೆ ಸೆಂಟಿಮೀಟರ್ ಏರುತ್ತದೆ, ಆಕಾರ ಕೆಡುವುದಿಲ್ಲ. ಇದಕ್ಕಾಗಿ ಅವೆರಡರ ಚೌಕಟ್ಟಿನಲ್ಲಿ ಉದ್ದನೆಯ ತೂತುಗಳನ್ನು ಬಿಡಿಸಿರಿ, ಫ್ರೆನೆಲ್ಲನ್ನೂ ಎತ್ತರದಲ್ಲಿ ಅಷ್ಟು ಹೆಚ್ಚು ಉಳಿಸಿ ಕತ್ತರಿಸಿಕೊಳ್ಳಿ.

ಬಳಕೆ

ಹೊಳಪಿಲ್ಲದ ಬಿಳಿ ಡಿಸ್ಟೆಂಪರ್ ಬಳಿದ ನುಣುಪು ಗೋಡೆಯೇ ಒಳ್ಳೆಯ ಪರದೆ. ಧ್ವನಿಗೆ ಮೊಬೈಲ್ ಅಥವಾ ಕಂಪ್ಯೂಟರಿನಿಂದ ಬೇರೆ ಸ್ಪೀಕರ್ ಜೋಡಿಸಿಕೊಳ್ಳಿ. ಯಂತ್ರ ಎಳೆಯುವುದು ಒಟ್ಟು 90 ವ್ಯಾಟ್ ಆಸುಪಾಸು, ಆದ್ದರಿಂದ ಕರೆಂಟು ಹೋದರೂ ಮನೆಯ ಯುಪಿಎಸ್ ಇದನ್ನು ನಡೆಸುತ್ತದೆ. ಮಹಡಿಯ ಬಯಲಿನಲ್ಲಿ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ನೋಡುವ ಆಸೆ ನನಗೂ ಇತ್ತು. ಬೀದಿದೀಪದ ಬೆಳಕು ಬೀಳದ ಮೂಲೆಯನ್ನು ಹುಡುಕಿ, ಚಿತ್ರವನ್ನು 40 ಇಂಚಿಗೆ ಇಳಿಸಿದಾಗ ಅದು ಕೈಗೂಡಿತು. ಅಷ್ಟು ಚಿಕ್ಕ ಚಿತ್ರಕ್ಕೆ ಪ್ಯಾನೆಲ್ 235 ಮಿ.ಮೀ. ದೂರಕ್ಕೆ ಹೋಗಬೇಕು, ಫೋಕಸ್ಸಿನ ಓಡಾಟದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ನೋಡಿ ಮುಗಿದ ಮೇಲೆ ಮೊದಲು ಎಲ್‌ಇಡಿ ಆರಿಸಿ, ಐದು ನಿಮಿಷ ಫ್ಯಾನ್ ಓಡಲು ಬಿಟ್ಟು, ಆಮೇಲೆ ಪ್ಲಗ್ ತೆಗೆಯಿರಿ. ಲೆನ್ಸಿಗೆ ಗಟ್ಟಿ ರಟ್ಟಿನ ಮುಚ್ಚಳ ಮಾಡಿ ಪ್ರತಿ ಸಲವೂ ಹಾಕಿಡಿ, ಏಕೆಂದರೆ ಕಿಟಕಿಯ ಬಳಿ ಇಟ್ಟ ಪೆಟ್ಟಿಗೆಯೊಳಕ್ಕೆ ಬೆಳಗಿನ ಬಿಸಿಲು ಲೆನ್ಸಿನ ಮೂಲಕ ನುಗ್ಗಿದರೆ ಪ್ಯಾನೆಲ್ಲನ್ನೇ ಸುಡಬಲ್ಲದು.